ಇಂಗ್ಲೆಂಡಿನ ಹಳ್ಳಿಗೆ ಮನೆ ಮಾಡ್ತಿದೀವಿ, ನಾವು ಕುಡಿಯೋರಲ್ಲ, ಪಬ್‌ಗೆ ಹೋಗ್ಬಹುದಾ?

ಪ್ರಶ್ನೆ: ಅಕ್ಕ, ನಮ್ಮನೆಯವ್ರಿಗೆ ಇಂಗ್ಲೆಂಡಲ್ಲಿ ಆಸ್ಪತ್ರೆ ಕೆಲ್ಸ ಸಿಕ್ಕಿದೆ. ಟೌನಲ್ಲಿ ಬಾಡಿಗೆ ಜಾಸ್ತಿ ಅಂತ ಹತ್ರದ ಒಂದು ಹಳ್ಳೀಲಿ ಮನೆ ನೋಡಿದೀವಿ. ಆ ಊರಲ್ಲಿ ಏನೇನಿದೆ ಅಂತ ಹುಡುಕಿದ್ರೆ ಎಲ್ಲಾ ಕಡೆ ಮೊದ್ಲು ಪಬ್ ಬಗ್ಗೇನೇ ಬರ್ದಿರ್ತಾರೆ. ನಾವು ಕುಡಿಯೋರಲ್ಲ, ಮಾಂಸ ತಿನ್ನಲ್ಲ, ಇಬ್ರು ಚಿಕ್ಕ ಮಕ್ಕಳು ಬೇರೆ. ನಮ್ಮಂಥೋರು ಅಲ್ಲಿಗೆ ಹೋಗ್ಬಹುದಾ? ಹಳ್ಳೀಲಿ ಬೇರೆ ಏನ್ ಸಿಗತ್ತೆ?

ಹೋಗ್ಬಹುದು ಅಂತ ಅಷ್ಟೇ ಅಲ್ಲ, ಬಂದ ಮೊದಲ್ನೇ ವಾರದಲ್ಲೇ ಹೋಗಿ, ಮಕ್ಕಳನ್ನೂ ಕರ್ಕೊಂಡು ಹೋಗಿ. ಈ ಪ್ರಶ್ನೆ ನನಗೆ ವರ್ಷಕ್ಕೆ ನಾಲ್ಕೈದು ಸಲ ಬರತ್ತೆ, ಕೇಳೋರೆಲ್ಲ ಸ್ವಲ್ಪ ಸಂಕೋಚದಲ್ಲೇ ಕೇಳ್ತಾರೆ, ಯಾಕಂದ್ರೆ ನಮ್ಮ ಕಡೆ ಪಬ್ ಅಂದ ತಕ್ಷಣ ಕಣ್ಮುಂದೆ ಬರೋದು ಬೆಂಗಳೂರಿನ ಎಂಜಿ ರೋಡ್, ಜೋರು ಮ್ಯೂಸಿಕ್ಕು, ಕತ್ಲೆ, ಇಲ್ಲಾಂದ್ರೆ ನಮ್ಮೂರ ಬಸ್ ಸ್ಟ್ಯಾಂಡ್ ಪಕ್ಕದ ಬಾರು, ಅಲ್ಲಿ ಹೆಂಗಸ್ರು ಮಕ್ಕಳು ಕಾಲಿಡೋ ಮಾತೇ ಇಲ್ಲ. ಇಂಗ್ಲೆಂಡಿನ ಹಳ್ಳಿ ಪಬ್ ಅದೆರಡೂ ಅಲ್ಲ. ಪಬ್ಲಿಕ್ ಹೌಸ್ ಅನ್ನೋದು ಗಿಡ್ಡ ಆಗಿ ಪಬ್ ಆಗಿದ್ದು, ಎಲ್ಲರ ಮನೆ ಅನ್ನೋ ಆ ಅರ್ಥ ಹಳ್ಳೀಲಿ ಈಗ್ಲೂ ಉಳ್ಕೊಂಡಿದೆ. ನಮ್ಮ ಅರಳಿಕಟ್ಟೆ, ಊರ ಹೋಟ್ಲು, ಹಾಲಿನ ಡೈರಿ ಮುಂದಿನ ಬೆಳಗಿನ ಮಾತುಕತೆ, ಇದೆಲ್ಲ ಒಂದೇ ಸೂರಿನಡಿ ಬಂದ್ರೆ ಹೆಂಗಿರತ್ತೋ ಹಂಗೆ, ಜೊತೆಗೆ ಬಿಯರ್ ಕೂಡ ಸಿಗತ್ತೆ.

ಕಾನೂನಿನ ಪ್ರಕಾರ 16 ವರ್ಷದೊಳಗಿನ ಮಕ್ಕಳು ದೊಡ್ಡೋರ ಜೊತೆ ಇದ್ರೆ ಪಬ್ ಒಳಗೆ ಬರಬಹುದು. ಆದ್ರೆ ಒಂದೊಂದು ಪಬ್ಬಿಂದು ಅದರದೇ ರೂಲ್ಸ್ ಇರತ್ತೆ, ರಾತ್ರಿ ಎಂಟು ಅಥ್ವಾ ಒಂಬತ್ತರ ನಂತರ ಮಕ್ಕಳು ಬೇಡ ಅನ್ನೋರು ಜಾಸ್ತಿ, ಬಾಗಿಲ ಹತ್ರ ಬರ್ದಿರ್ತಾರೆ ನೋಡ್ಕೊಳ್ಳಿ. ಹೊಗೆ ಭಯ ಬೇಡ, 2007ರ ಜುಲೈ 1ರಿಂದ ಒಳಗೆ ಸಿಗರೇಟ್ ಸೇದೋ ಹಂಗೇ ಇಲ್ಲ. ನಾಯಿಗಳು ಮಾತ್ರ ಇರ್ತಾವೆ, ಟೇಬಲ್ ಕೆಳಗೆ ಆರಾಮಾಗಿ ಮಲ್ಗಿರ್ತಾವೆ, ಮಕ್ಕಳಿಗೆ ಹೆದರಿಕೆ ಇದ್ರೆ ಮುಂಚೇನೇ ಹೇಳಿ ಮೂಲೆ ಟೇಬಲ್ ಕೇಳಿ.

ಒಳಗೆ ಹೋದ್ಮೇಲೆ ಏನ್ ಮಾಡ್ಬೇಕು ಅನ್ನೋದೇ ಮೊದಲ ಸಲ ಗೊತ್ತಾಗಲ್ಲ. ನಾವು ಮೊದ್ಲು ಹೋದಾಗ ಕೂತು ಇಪ್ಪತ್ತು ನಿಮಿಷ ಕಾದ್ವಿ, ಯಾರೂ ಆರ್ಡರ್ ತಗೊಳಕ್ಕೆ ಬರ್ಲಿಲ್ಲ, ಬೇಜಾರಾಗೋಯ್ತು, ನಮ್ಮನ್ನ ನೋಡಿ ಹಿಂಗ್ ಮಾಡ್ತಿದಾರೇನೋ ಅಂತಾನೂ ಅನ್ನಿಸ್ತು. ಪಕ್ಕದ ಟೇಬಲ್ಲಿನ ಅಜ್ಜಿ ಒಬ್ರು ಬಗ್ಗಿ ಮೆತ್ತಗೆ, ಅಲ್ಲಿ ಕೌಂಟರ್‌ಗೆ ಹೋಗಿ ಹೇಳ್ಬೇಕಮ್ಮ, ಟೇಬಲ್ ನಂಬರ್ ನೋಡ್ಕೊಂಡು ಹೋಗು ಅಂದ್ರು. ಅಷ್ಟೇ ವಿಷ್ಯ. ಬಾರ್ ಕೌಂಟರ್‌ಗೆ ನೀವೇ ಹೋಗ್ಬೇಕು, ಹೇಳ್ಬೇಕು, ಸಾಮಾನ್ಯವಾಗಿ ಅಲ್ಲೇ ದುಡ್ಡು ಕೊಡ್ಬೇಕು, ಊಟ ಮಾತ್ರ ಟೇಬಲ್‌ಗೆ ತಂದ್ಕೊಡ್ತಾರೆ. ಕೌಂಟರ್ ಮುಂದೆ ಕ್ಯೂ ಕಾಣಲ್ಲ, ಜನ ಸುಮ್ನೆ ಉದ್ದಕ್ಕೆ ನಿಂತಿರ್ತಾರೆ, ಆದ್ರೆ ಯಾರಾದ್ಮೇಲೆ ಯಾರು ಬಂದ್ರು ಅಂತ ಎಲ್ರಿಗೂ ಗೊತ್ತಿರತ್ತೆ. ನಿಮ್ಮ ಸರದಿ ಬಂದಾಗ ಮುಂದಿರೋರೇ ಕೈ ತೋರ್ಸಿ, ಇವ್ರು ನನಗಿಂತ ಮುಂಚೆ ಬಂದಿದ್ರು ಅಂತಾರೆ, ನೀವೂ ಹಂಗೇ ಹೇಳಿ, ಅಷ್ಟರಿಂದಾನೇ ಪರಿಚಯ ಶುರುವಾಗತ್ತೆ. ಕೌಂಟರಲ್ಲಿ ಡ್ರಿಂಕ್ ತಗೊಂಡ್ರೆ ಟಿಪ್ಸ್ ಕೊಡೋ ಪದ್ಧತಿ ಇಲ್ಲ. ಕುಡಿಯಲ್ಲ ಅಂತ ವಿವರಣೆ ಕೊಡೋದೂ ಬೇಡ, ಲೈಮ್ ಅಂಡ್ ಸೋಡಾ ಅಂತ ಕೇಳಿ, ಕಮ್ಮಿ ದುಡ್ಡಿಗೆ ದೊಡ್ಡ ಗ್ಲಾಸ್ ಬರತ್ತೆ. ಟೀ, ಕಾಫಿ, ಆಲ್ಕೋಹಾಲ್ ಇಲ್ದಿರೋ ಬಿಯರ್ರೂ ಸಾಮಾನ್ಯವಾಗಿ ಇರತ್ತೆ. ಕಾರ್ ಓಡ್ಸೋರು ಎಷ್ಟೋ ಜನ ಕುಡಿಯಲ್ಲ ಅಂತಾರೆ, ಹಂಗಾಗಿ ಯಾರೂ ತಿರುಗಿ ನೋಡಲ್ಲ.

ಊಟದ ಟೈಮ್ ಬಗ್ಗೆ ತುಂಬಾ ಹುಷಾರಾಗಿರಿ. ಪಬ್ ತೆಗ್ದಿದೆ ಅಂದ್ರೆ ಅಡುಗೆಮನೆ ತೆಗ್ದಿದೆ ಅಂತ ಅರ್ಥ ಅಲ್ಲ. ಎಷ್ಟೋ ಕಡೆ ಮಧ್ಯಾಹ್ನ ಎರಡು, ಎರಡೂವರೆಗೆ ಅಡುಗೆ ನಿಲ್ಸಿಬಿಡ್ತಾರೆ, ಆಮೇಲೆ ಸಾಯಂಕಾಲ ಆರಕ್ಕೆ ಶುರು, ರಾತ್ರಿ ಎಂಟೂವರೆ ಒಂಬತ್ತಕ್ಕೆ ಮುಗೀತು. ಸೋಮವಾರ ಎಷ್ಟೋ ಕಡೆ ಬಾಗಿಲೇ ತೆಗೆಯಲ್ಲ. ಒಂದ್ಸಲ ನಾವು ಮಕ್ಕಳನ್ನ ಎರಡು ಗಂಟೆ ಗದ್ದೆ ಬಯಲು ಅಂತ ನಡೆಸ್ಕೊಂಡು ಮಳೇಲಿ ನೆನೆದು ಎರಡೂ ಮುಕ್ಕಾಲಿಗೆ ಒಂದು ಪಬ್ ಮುಟ್ಟಿದ್ವಿ, ಚಿಪ್ಸ್ ಪ್ಯಾಕೆಟ್ ಬಿಟ್ರೆ ಏನೂ ಇಲ್ಲ ಅಂದ್ರು. ಚಿಕ್ಕವಳು ಅಲ್ಲೇ ಅಳಕ್ಕೆ ಶುರು ಮಾಡಿದ್ಲು. ಅವತ್ತಿಂದ ಹೊರಡೋ ಮುಂಚೆ ಫೋನ್ ಮಾಡೋದೇ.

ಮಾಂಸ ತಿನ್ನಲ್ಲ ಅಂದ್ರಲ್ಲ, ಇದನ್ನ ಸರಿಯಾಗಿ ಓದ್ಕೊಳ್ಳಿ. ಮೆನು ಕಾರ್ಡಲ್ಲಿ ಸಸ್ಯಾಹಾರದ ಐಟಂ ಪಕ್ಕ 'ವಿ' ಅಂತ ಹಾಕಿರ್ತಾರೆ, ಆದ್ರೆ ಅದರಲ್ಲಿ ಮೊಟ್ಟೆ ಇರಬಹುದು, ಇಲ್ಲಿಯೋರ ಲೆಕ್ಕದಲ್ಲಿ ಮೊಟ್ಟೆ ಸಸ್ಯಾಹಾರವೇ. ಆಲೂಗಡ್ಡೆ ಕರಿದ ಚಿಪ್ಸ್‌ಗೆ (ಫ್ರೆಂಚ್ ಫ್ರೈಸ್ ಥರದ್ದು) ಏನ್ ತೊಂದ್ರೆ ಅಂತ ನಾನೂ ಅಂದ್ಕೊಂಡಿದ್ದೆ, ಉತ್ತರ ಇಂಗ್ಲೆಂಡಲ್ಲಿ ಎಷ್ಟೋ ಕಡೆ ಅದನ್ನ ದನದ ಕೊಬ್ಬಲ್ಲಿ ಕರೀತಾರೆ, ಅದಕ್ಕೆ ಬೀಫ್ ಡ್ರಿಪಿಂಗ್ ಅಂತ ಹೆಸ್ರು. ಭಾನುವಾರದ ರೋಸ್ಟ್ ಊಟದಲ್ಲಿ ಆಲೂಗಡ್ಡೆ ಬಾತುಕೋಳಿ ಕೊಬ್ಬಲ್ಲಿ ಬೆಂದಿರಬಹುದು, ಯಾರ್ಕ್‌ಷೈರ್ ಪುಡ್ಡಿಂಗ್ ಅನ್ನೋದು ಮೊಟ್ಟೆ ಹಾಲು ಮೈದಾದ್ದು, ಅದಕ್ಕೂ ದನದ ಕೊಬ್ಬು ಹಾಕಿರಬಹುದು, ಮೇಲೆ ಸುರಿಯೋ ಗ್ರೇವಿ ಮಾಂಸದ ರಸ. ಹಂಗಂತ ಹೆದರ್ಕೊಂಡು ಕೂರ್ಬೇಡಿ, ಯಾವ ಎಣ್ಣೇಲಿ ಕರೀತೀರಾ ಅಂತ ಕೇಳಿದ್ರೆ ನೇರವಾಗಿ ಹೇಳ್ತಾರೆ. 14 ಬಗೆಯ ಅಲರ್ಜಿ ಪದಾರ್ಥಗಳ ಬಗ್ಗೆ ಗಿರಾಕಿಗೆ ಮಾಹಿತಿ ಕೊಡ್ಲೇಬೇಕು ಅಂತ ಕಾನೂನಿದೆ, ಅದಕ್ಕೇ ಅಡುಗೆಯವ್ರಿಗೆ ಇಂಥಾ ಪ್ರಶ್ನೆ ಹೊಸದಲ್ಲ. ಮುಂದೆ ಯಾವತ್ತಾದ್ರೂ ನಿಮ್ಮನೆಯವ್ರು ಬಿಯರ್ ರುಚಿ ನೋಡೋಣ ಅಂದ್ರೆ ಇದೂ ಗೊತ್ತಿರ್ಲಿ, ಕೈಯಲ್ಲಿ ಪಂಪ್ ಎಳೆದು ಕೊಡೋ ಕ್ಯಾಸ್ಕ್ ಏಲ್ ತಿಳಿ ಆಗ್ಲಿ ಅಂತ ಹಳೇ ಕ್ರಮದಲ್ಲಿ ಮೀನಿನ ಗಾಳಿಚೀಲದಿಂದ ಮಾಡಿದ ಐಸಿಂಗ್ಲಾಸ್ ಹಾಕ್ತಾರೆ, ಈಗ ಅದಿಲ್ದೆ ಮಾಡೋರೂ ಇದಾರೆ.

ಸರಿ, ಕುಡಿಯಲ್ಲ, ತಿನ್ನೋದೂ ಇಷ್ಟು ಕಷ್ಟ, ಮತ್ಯಾಕೆ ಹೋಗ್ಬೇಕು ಅಂತ ಕೇಳ್ತೀರಾ. ಹಳ್ಳೀಲಿ ಮಿಕ್ಕಿದ್ದೆಲ್ಲಾ ಎಲ್ಲಿದೆ, ಯಾವಾಗ ಸಿಗತ್ತೆ ಅನ್ನೋದು ಆ ಜಾಗದಲ್ಲೇ ಗೊತ್ತಾಗೋದು, ಅದಕ್ಕೆ. ನಮ್ಮ ಹಳ್ಳೀಲಿ ಮನೆ ಬಿಸಿ ಮಾಡಕ್ಕೆ ಪೈಪ್ ಗ್ಯಾಸ್ ಇಲ್ಲ, ಹಿತ್ತಲಲ್ಲಿ ಟ್ಯಾಂಕ್ ಇಟ್ಟು ಹೀಟಿಂಗ್ ಆಯಿಲ್ ತುಂಬಿಸ್ಬೇಕು, ಸಾಮಾನ್ಯವಾಗಿ 500 ಲೀಟರ್‌ಗಿಂತ ಕಮ್ಮಿ ತಂದ್ಕೊಡಲ್ಲ. ಮೊದಲ ಚಳಿಗಾಲ ನಾವು ಒಬ್ರೇ ಆರ್ಡರ್ ಮಾಡಿ ಜಾಸ್ತಿ ಕೊಟ್ವಿ. ಊರೋರೆಲ್ಲ ಸೇರಿ ಒಟ್ಟಿಗೆ ಆರ್ಡರ್ ಹಾಕಿ ರೇಟ್ ಇಳಿಸ್ತಾರೆ ಅನ್ನೋದು ಪಬ್ಬಿನ ಬಾಗಿಲ ಒಳಗಡೆ ಬೋರ್ಡಲ್ಲಿ ಪಿನ್ ಮಾಡಿದ್ದ ಒಂದು ಚೀಟಿಯಿಂದ ಗೊತ್ತಾಯ್ತು. ಆ ಬೋರ್ಡ್ ನೋಡಿ ಒಂದ್ಸಲ: ಸಂಚಾರಿ ಲೈಬ್ರರಿ ವ್ಯಾನ್ ಬರೋ ದಿನ, ಪೋಸ್ಟಾಫೀಸ್ ವ್ಯಾನ್ ಬರೋ ಗಂಟೆ, ಫಿಶ್ ಅಂಡ್ ಚಿಪ್ಸ್ ಗಾಡಿ, ಕಳೆದುಹೋದ ಬೆಕ್ಕು, ಪಿಯಾನೋ ಕಲಿಸೋರು, ಮಗು ನೋಡ್ಕೊಳ್ಳೋ ಹುಡುಗಿ ಫೋನ್ ನಂಬರು. ಹೊಸದಾಗಿ ಬಂದೋರಿಗೆ ಇವೆಲ್ಲ ಒಂದೇ ಕಡೆ ಯಾವ ವೆಬ್‌ಸೈಟಲ್ಲೂ ಸಿಗಲ್ಲ.

2021ರ ನವೆಂಬರ್ ಕೊನೇಲಿ ಆರ್ವೆನ್ ಅನ್ನೋ ಬಿರುಗಾಳಿ ಬಂತು, ಉತ್ತರದ ಎಷ್ಟೋ ಹಳ್ಳಿಗಳಿಗೆ ದಿನಗಟ್ಟಲೆ ಕರೆಂಟ್ ಇರ್ಲಿಲ್ಲ. ಯಾರ್ಕ್‌ಷೈರ್ ಬೆಟ್ಟದ ಮೇಲಿನ ಟ್ಯಾನ್ ಹಿಲ್ ಇನ್, ಅದು 1,732 ಅಡಿ ಎತ್ತರದಲ್ಲಿರೋ ಬ್ರಿಟನ್ನಿನ ಅತಿ ಎತ್ತರದ ಪಬ್, ಅಲ್ಲಿ ಹಾಡು ಕೇಳಕ್ಕೆ ಅಂತ ಬಂದಿದ್ದ ಜನ ಹಿಮದಲ್ಲಿ ಸಿಕ್ಕಾಕ್ಕೊಂಡು ಮೂರು ರಾತ್ರಿ ಅಲ್ಲೇ ನೆಲದ ಮೇಲೆ ಮಲಗಿದ್ರು, ಅದು ಎಲ್ಲಾ ಪೇಪರಲ್ಲೂ ಬಂತು. ನಮ್ಮೂರಿಂದು ಯಾವ ಪೇಪರಲ್ಲೂ ಬರ್ಲಿಲ್ಲ. ನಮ್ಮನೇಲಿ ಎರಡು ರಾತ್ರಿ ಕರೆಂಟಿಲ್ಲ, ಹೀಟಿಂಗ್ ಇಲ್ಲ, ಮಕ್ಕಳಿಗೆ ಎರಡೆರಡು ಸ್ವೆಟರ್ ಹಾಕಿ ಕಂಬಳಿ ಸುತ್ತಿ ಪಬ್‌ಗೆ ಹೋದ್ವಿ, ಅಲ್ಲಿ ಸೌದೆ ಒಲೆ ಉರೀತಿತ್ತು, ಸಿಲಿಂಡರ್ ಗ್ಯಾಸಲ್ಲಿ ಸೂಪ್ ಕುದೀತಿತ್ತು, ಅರ್ಧ ಊರು ಅಲ್ಲೇ ಇತ್ತು. ಪಬ್ ನಡೆಸೋ ಹೆಂಗಸು ಒಂದು ಚಿಕ್ಕ ಪಾತ್ರೆ ಬೇರೆ ತಂದು ನನ್ನ ಮುಂದೆ ಇಟ್ಟು, ಇದಕ್ಕೆ ಚಿಕನ್ ಸ್ಟಾಕ್ ಹಾಕಿಲ್ಲ, ಬರೀ ಕ್ಯಾರೆಟ್ಟು ಬೇಳೆ, ನಿಮಗೇ ಅಂತ ತೆಗ್ದಿಟ್ಟೆ ಅಂದ್ರು. ನಾವು ಆ ಪಬ್ಬಿಗೆ ಅಷ್ಟೊತ್ತಿಗೆ ಹೋಗಿದ್ದಿದ್ದು ಹೆಚ್ಚಂದ್ರೆ ಹತ್ತು ಸಲ.

ಈಗ ಬೇರೆ ಸೌಲಭ್ಯ. ಶಾಲೆ ವಿಷ್ಯಕ್ಕೆ ಮನೆ ಒಪ್ಪೋ ಮುಂಚೆ ಕೌಂಟಿ ಕೌನ್ಸಿಲ್‌ಗೆ ಕೇಳಿ, ಹತ್ರದ ಸೂಕ್ತ ಶಾಲೆ 8 ವರ್ಷದೊಳಗಿನ ಮಗುಗೆ 2 ಮೈಲಿಗಿಂತ ದೂರ ಇದ್ರೆ, ಅದಕ್ಕಿಂತ ದೊಡ್ಡ ಮಕ್ಕಳಿಗೆ 3 ಮೈಲಿಗಿಂತ ದೂರ ಇದ್ರೆ ಓಡಾಟ ಫ್ರೀ. ಹಳ್ಳಿ ಡಾಕ್ಟರ್ ಹತ್ರ ಇನ್ನೊಂದು ಅನುಕೂಲ ಇದೆ, ಫಾರ್ಮಸಿ ನಿಮ್ಮ ಮನೆಯಿಂದ 1.6 ಕಿಲೋಮೀಟರ್‌ಗಿಂತ ದೂರ ಇದ್ರೆ ಕೆಲವು ಸರ್ಜರಿಗಳು (ಅಂದ್ರೆ ಡಾಕ್ಟರ್ ಕ್ಲಿನಿಕ್‌ಗಳು) ಮಾತ್ರೆ ಔಷಧೀನೂ ತಾವೇ ಕೊಡ್ತಾರೆ, ರಿಜಿಸ್ಟರ್ ಮಾಡೋವಾಗ ಕೇಳಿ. ಬಸ್ಸು ಇದೆ ಅಂದ್ರೆ ಇದೆ, ದಿನಕ್ಕೆ ಮೂರೋ ನಾಲ್ಕೋ, ಭಾನುವಾರ ಇಲ್ವೇ ಇಲ್ಲ. ಕಾರ್ ಬೇಕೇಬೇಕು, ನಮ್ಮ ಇಂಡಿಯಾ ಲೈಸೆನ್ಸ್ ಬಂದ ದಿನದಿಂದ 12 ತಿಂಗಳು ನಡೆಯತ್ತೆ, ಅಷ್ಟರೊಳಗೆ ಇಲ್ಲಿಯ ಟೆಸ್ಟ್ ಪಾಸ್ ಮಾಡ್ಕೊಳ್ಳಿ, ಡೇಟ್ ಸಿಗೋದೇ ಕಷ್ಟ. ಕೆಂಪು ಟೆಲಿಫೋನ್ ಡಬ್ಬಿ ಕಂಡ್ರೆ ಫೋಟೋ ತೆಗ್ದು ಮುಂದೆ ಹೋಗ್ಬೇಡಿ, ಒಳಗೆ ಇಣುಕಿ ನೋಡಿ. ಬಿಟಿ ಕಂಪನಿ 2008ರಿಂದ ಅವನ್ನ ಊರೋರಿಗೆ 1 ಪೌಂಡಿಗೆ ಕೊಡ್ತಿದೆ, ಒಂದ್ಕಡೆ ಪುಸ್ತಕದ ಕಪಾಟು ಮಾಡಿರ್ತಾರೆ, ಇನ್ನೊಂದ್ಕಡೆ ಹೃದಯ ನಿಂತೋರಿಗೆ ಶಾಕ್ ಕೊಡೋ ಡಿಫಿಬ್ರಿಲೇಟರ್ ಇಟ್ಟಿರ್ತಾರೆ. ಆ ಪೆಟ್ಟಿಗೆಗೆ ಬೀಗ ಇದ್ರೆ ತುರ್ತು ನಂಬರ್ 999ಗೆ ಫೋನ್ ಮಾಡಿದಾಗ ಅವರೇ ಕೋಡ್ ಹೇಳ್ತಾರೆ. ಆಂಬುಲೆನ್ಸ್ ದೂರದಿಂದ ಬರ್ಬೇಕಾದ ಊರಲ್ಲಿ ಅದು ಎಲ್ಲಿದೆ ಅಂತ ಮೊದಲ ದಿನವೇ ತಿಳ್ಕೊಳ್ಳಿ.

ಒಂದು ವಿಷ್ಯ ಮನಸ್ಸಿಗೆ ನೋವಾಗೋದು ಏನಂದ್ರೆ ಈ ಪಬ್‌ಗಳು ಒಂದೊಂದೇ ಮುಚ್ತಾ ಇವೆ. ಸೂಪರ್‌ಮಾರ್ಕೆಟಲ್ಲಿ ಬಿಯರ್ ಅಗ್ಗ, ಕುಡಿದು ಗಾಡಿ ಓಡ್ಸೋ ಹಂಗಿಲ್ಲ, ವಯಸ್ಸಿನ ಹುಡುಗ್ರು ಟೌನ್ ಸೇರಿದಾರೆ, ಚೆನ್ನಾಗಿರೋ ಮನೆಗಳನ್ನ ಸಿಟಿಯೋರು ರಜಾ ಮನೆ ಅಂತ ತಗೊಂಡು ವರ್ಷದಲ್ಲಿ ನಾಲ್ಕು ವಾರ ಬರ್ತಾರೆ. ಪಬ್ಬಿನ ಬಿಸಿನೆಸ್‌ಗಿಂತ ಅದೇ ಕಟ್ಟಡ ಮನೆಯಾಗಿ ಮಾರಿದ್ರೆ ಜಾಸ್ತಿ ಬೆಲೆ ಬರತ್ತೆ, ಮಾಲೀಕನಿಗೆ ಅದೇ ಲಾಭ. ಅದನ್ನ ತಡೆಯಕ್ಕೆ ಊರೋರ ಕೈಯಲ್ಲಿ ಈಗ ಸ್ವಲ್ಪ ಬಲ ಇದೆ. 2011ರ ಲೋಕಲಿಸಂ ಕಾಯ್ದೆ ಪ್ರಕಾರ ಪಬ್ಬನ್ನ ಸಮುದಾಯಕ್ಕೆ ಬೇಕಾದ ಆಸ್ತಿ ಅಂತ ಕೌನ್ಸಿಲಲ್ಲಿ ಪಟ್ಟಿ ಮಾಡ್ಸಿದ್ರೆ, ಮಾರೋ ಹೊತ್ತಲ್ಲಿ ಊರೋರು ನಾವು ಕೊಳ್ತೀವಿ ಅಂತ ಮುಂದೆ ಬಂದು ದುಡ್ಡು ಹೊಂದಿಸಕ್ಕೆ 6 ತಿಂಗಳು ಟೈಮ್ ಸಿಗತ್ತೆ. 2017ರಿಂದ ಪ್ಲಾನಿಂಗ್ ಪರ್ಮಿಷನ್ ಇಲ್ದೆ ಪಬ್ಬನ್ನ ಬೇರೆ ಏನೋ ಮಾಡೋ ಹಂಗೂ ಇಲ್ಲ.

ಕಾಯ್ದೆ ಬರೋಕೂ ಮುಂಚೇನೇ ಇದನ್ನ ಮಾಡಿ ತೋರ್ಸಿದ ಊರು ಕಂಬ್ರಿಯಾದ ಹೆಸ್ಕೆಟ್ ನ್ಯೂಮಾರ್ಕೆಟ್, ಲೇಕ್ ಡಿಸ್ಟ್ರಿಕ್ಟಿನ ಉತ್ತರದ ಅಂಚಲ್ಲಿರೋ ಪುಟ್ಟ ಹಳ್ಳಿ. ಅಲ್ಲಿಯ ಓಲ್ಡ್ ಕ್ರೌನ್ ಪಬ್ ಹಿಂದಿನ ಕೊಟ್ಟಿಗೇಲಿ 1988ರಲ್ಲಿ ಬಿಯರ್ ಮಾಡಕ್ಕೆ ಶುರು ಮಾಡಿದ್ರು, ಸುತ್ತಲಿನ ಬೆಟ್ಟಗಳ ಹೆಸರನ್ನೇ ಬಿಯರ್‌ಗಳಿಗೆ ಇಟ್ರು. 1999ರಲ್ಲಿ ಆ ಬ್ರೂವರಿನ ಸಹಕಾರ ಸಂಘ ಕೊಂಡ್ಕೊಳ್ತು, 2003ರಲ್ಲಿ ನೂರಕ್ಕೂ ಹೆಚ್ಚು ಜನ ಷೇರು ಹಾಕಿ ಪಬ್ಬನ್ನೂ ಕೊಂಡ್ರು, ಬ್ರಿಟನ್ನಲ್ಲೇ ಜನ ಸಹಕಾರಿ ಪದ್ಧತೀಲಿ ಕೊಂಡ ಮೊದಲ್ನೇ ಪಬ್ ಅದು. ನಮ್ಮ ಹಾಲು ಉತ್ಪಾದಕರ ಸಂಘ ನೋಡಿ ಬೆಳೆದೋರಿಗೆ ಇದು ಥಟ್ಟನೆ ಅರ್ಥ ಆಗತ್ತೆ, ಇಂಥಾ ಸಂಘದಲ್ಲಿ ಎಷ್ಟೇ ಷೇರು ಇದ್ರೂ ಒಬ್ಬರಿಗೆ ಒಂದೇ ಓಟು. ಪಬ್ ಈಸ್ ದಿ ಹಬ್ ಅನ್ನೋ ಸಂಸ್ಥೆ 2001ರಿಂದ ಪಬ್ ಒಳಗೇ ಅಂಗಡಿ, ಪೋಸ್ಟಾಫೀಸ್, ಲೈಬ್ರರಿ ಶುರು ಮಾಡಕ್ಕೆ ಸಹಾಯ ಮಾಡ್ತಿದೆ, ಅಂಗಡಿ ಮುಚ್ಚಿದ ಹಳ್ಳೀಲಿ ಹಾಲು ಬ್ರೆಡ್ಡು ಸಿಗೋದೇ ಪಬ್ಬಲ್ಲಿ ಅನ್ನೋ ಊರೂ ಇವೆ.

ಅದಕ್ಕೇ ನಾನು ಹೇಳೋದು, ನಿಮ್ಮ ಎರಡು ಲೈಮ್ ಸೋಡಾ, ಮಕ್ಕಳ ಒಂದು ಪ್ಲೇಟ್ ಚಿಪ್ಸ್ ಸಣ್ಣದಲ್ಲ. ಬುಧವಾರ ಸಾಯಂಕಾಲ ಖಾಲಿ ಇರೋ ಪಬ್ಬಿಗೆ ನಾಲ್ಕು ಜನದ ಒಂದು ಸಂಸಾರ ಬಂದ್ರೆ ಆ ನಡೆಸೋರ ಮುಖ ನೋಡ್ಬೇಕು ನೀವು.

ಬರೋವಾಗ ಮೆಂತ್ಯ, ಹುಣಸೆಹಣ್ಣು ಅಂತ ಸೂಟ್‌ಕೇಸ್ ತುಂಬ್ಸಬೇಡಿ, ತಿಂಗಳಿಗೊಂದ್ಸಲ ಸಿಟಿಗೆ ಹೋದ್ರೆ ಸೋನಾ ಮಸೂರಿ ಮೂಟೆಯಿಂದ ಹಿಡ್ದು ಎಲ್ಲಾ ಸಿಗತ್ತೆ, ಕರಿಬೇವು ಅಲ್ಲಿಂದಾನೇ ಜಾಸ್ತಿ ತಂದು ಫ್ರೀಜರಲ್ಲಿ ಇಡಿ. ಮನೆ ಹಿಡಿಯೋ ಮುಂಚೆ ಒಂದು ಸಾಯಂಕಾಲ ಆ ಊರಿಗೆ ಹೋಗಿ ಬನ್ನಿ, ಮೊಬೈಲ್ ಸಿಗ್ನಲ್ ಬರತ್ತಾ ನೋಡಿ, ಟಾಯ್ಲೆಟ್ ನೀರು ಮೇನ್ಸ್‌ಗೆ, ಅಂದ್ರೆ ಊರ ಒಳಚರಂಡಿಗೆ ಹೋಗತ್ತಾ ಸೆಪ್ಟಿಕ್ ಟ್ಯಾಂಕಾ ಕೇಳಿ, ಕೇಳಕ್ಕೆ ಯಾರೂ ಸಿಗ್ಲಿಲ್ಲ ಅಂದ್ರೆ ಓಎಸ್ ಮ್ಯಾಪಲ್ಲಿ (ಇಲ್ಲಿಯ ಸರ್ವೇ ನಕ್ಷೆ) 'ಪಿಎಚ್', ಅಂದ್ರೆ ಪಬ್ಲಿಕ್ ಹೌಸ್, ಅಂತ ಇರೋ ಕಡೆ ಹೋಗಿ ಕೇಳಿ.