ಆಸ್ಟ್ರೇಲಿಯಾಕ್ಕೆ ಸಾಗಿಸಿದ ಕೈದಿಗಳು ಗುಲಾಮರಾಗಿದ್ದರೇ?

ಪ್ರಶ್ನೆ: ಬ್ರಿಟನ್ನಿನಿಂದ ಆಸ್ಟ್ರೇಲಿಯಾಕ್ಕೆ ಗಡೀಪಾರಾದವರನ್ನು ಹಡಗು ಇಳಿಯುತ್ತಿದ್ದಂತೆ ಅಲ್ಲಿನ ಬಿಳಿಯ ಜಮೀನುದಾರರಿಗೆ ಒಪ್ಪಿಸುತ್ತಿದ್ದರಂತೆ. ಅದು ಗುಲಾಮಗಿರಿಯೇ ಅಲ್ಲವೇ?

ಉತ್ತರ: ಕಾನೂನಿನ ಲೆಕ್ಕದಲ್ಲಿ ಅಲ್ಲ. ಗುಲಾಮನೂ ಒಡೆಯನ ಸ್ವತ್ತು, ಗುಲಾಮಳಿಗೆ ಹುಟ್ಟಿದ ಮಕ್ಕಳೂ ಸ್ವತ್ತು. ಕೈದಿಯ ದುಡಿಮೆಯ ಮೇಲಿನ ಹಕ್ಕು ಮಾತ್ರ, ಅದೂ ಶಿಕ್ಷೆ ಮುಗಿಯುವತನಕ, ವಸಾಹತನ್ನು ಆಳುತ್ತಿದ್ದ ಗವರ್ನರನದು. ಅದನ್ನು ಅವನು ಜಮೀನುದಾರನಿಗೆ ವಹಿಸುತ್ತಿದ್ದ. ಕೈದಿಯನ್ನು ಮಾರುವಂತಿರಲಿಲ್ಲ. ಮಕ್ಕಳು ಹುಟ್ಟಿನಿಂದಲೇ ಸ್ವತಂತ್ರರು. ಏಳು ವರ್ಷದ ಶಿಕ್ಷೆಯವನು ನಾಲ್ಕು ವರ್ಷ ತಕರಾರಿಲ್ಲದೆ ದುಡಿದರೆ, ತನ್ನ ಹೊಟ್ಟೆಪಾಡು ತಾನೇ ನೋಡಿಕೊಳ್ಳುವ ರಹದಾರಿ ಪಡೆಯಬಹುದಿತ್ತು.

ಹಡಗು ಸಿಡ್ನಿಗೆ ಬಂದೊಡನೆ ಅಧಿಕಾರಿಗಳು ಹಡಗಿನಲ್ಲೇ ಒಬ್ಬೊಬ್ಬರ ಹೆಸರು, ಶಿಕ್ಷೆ, ಕಸುಬು, ಮೈಮೇಲಿನ ಗುರುತು ಬರೆದುಕೊಳ್ಳುತ್ತಿದ್ದರು. ಗವರ್ನರ್ ಮ್ಯಾಕ್ವಾರಿಯ ಕಾಲದಲ್ಲಿ ಬಡಗಿ, ಕಲ್ಲುಕುಟಿಗರಂಥ ಕಸುಬುದಾರರನ್ನು ಸರ್ಕಾರವೇ ಕಟ್ಟಡದ ಕೆಲಸಕ್ಕೆ ಇಟ್ಟುಕೊಳ್ಳುತ್ತಿತ್ತು. ಆತನ ನಂತರ, 1820ರ ದಶಕದಲ್ಲಿ, ಹೆಚ್ಚೆಚ್ಚು ಕೈದಿಗಳು ಒಳನಾಡಿನ ಕುರಿ ಸಾಕುವ ಜಮೀನುದಾರರ ಪಾಲಾದರು. ಊಟ, ಬಟ್ಟೆ, ವಸತಿ ಒಡೆಯನ ಹೊಣೆ. ಸರ್ಕಾರಕ್ಕೆ ಅಷ್ಟು ಖರ್ಚು ಉಳಿಯಿತು. ಒಡೆಯನಿಗೆ ಕೂಲಿಯಿಲ್ಲದ ಆಳು ಸಿಕ್ಕ. ಆ ಹುಲ್ಲುಗಾವಲು ಮೂಲನಿವಾಸಿಗಳಿಂದ ಕಿತ್ತುಕೊಂಡ ನೆಲ ಎಂಬುದನ್ನೂ ಮರೆಯಬಾರದು.

ಹೆಂಗಸರು ಬಹುಪಾಲು ಮನೆಗೆಲಸಕ್ಕೆ ಹೋದರು. ಬಸುರಿಯಾದವರನ್ನು, ಒಡೆಯನಿಗೆ ಬೇಡವಾದವರನ್ನು ಸಿಡ್ನಿ ಬಳಿಯ ಪ್ಯಾರಮಟ್ಟಾದ ‘ಫೀಮೇಲ್ ಫ್ಯಾಕ್ಟರಿ’ಗೆ, ಅಂದರೆ ಹೆಣ್ಣು ಕೈದಿಗಳನ್ನು ಕೂಡಿಹಾಕಿ ದುಡಿಸುವ ಜಾಗಕ್ಕೆ, ವಾಪಸು ಕಳಿಸುತ್ತಿದ್ದರು. ಬಸುರಿಗೆ ಕಾರಣನಾದವನು ಒಡೆಯನೇ ಆಗಿದ್ದರೂ ಅಲ್ಲಿಗೆ ಹೋಗಬೇಕಾದವಳು ಅವಳೇ.

ಕಾಗದದ ಮೇಲೆ ಆಳನ್ನು ಹೊಡೆಯುವ ಅಧಿಕಾರ ಒಡೆಯನಿಗೆ ಇರಲಿಲ್ಲ. ಮ್ಯಾಜಿಸ್ಟ್ರೇಟ್ ಮುಂದೆ ದೂರು ಕೊಡಬೇಕಿತ್ತು. ಆದರೆ ಮ್ಯಾಜಿಸ್ಟ್ರೇಟ್ ಯಾರು? ಸಾಮಾನ್ಯವಾಗಿ ನೆರೆಯ ಜಮೀನಿನ ಧಣಿ, ಅವನಿಗೂ ಇಂಥವೇ ಆಳುಗಳು. ಸೋಮಾರಿತನ, ಎದುರುತ್ತರ ಇಷ್ಟಕ್ಕೇ ಚಾಟಿಯೇಟು. ಕಾನೂನಿನ ರಕ್ಷಣೆ ಪೊಳ್ಳಾಗಿದ್ದು ಇಲ್ಲಿಯೇ ಎಂಬುದು ನನ್ನ ಖಚಿತ ಅಭಿಪ್ರಾಯ.

ಹಂಟರ್ ಕಣಿವೆಯ ಕ್ಯಾಸಲ್ ಫೋರ್ಬ್ಸ್ ಎಸ್ಟೇಟನ್ನೇ ನೋಡಿ. ಅದರ ಒಡೆಯ ಜೇಮ್ಸ್ ಮೂಡಿ ಸ್ವತಃ ಮ್ಯಾಜಿಸ್ಟ್ರೇಟ್. 1833ರಲ್ಲಿ ಅವನ ಕೆಲವು ಆಳುಗಳು ತಪ್ಪಿಸಿಕೊಂಡು, ಎಸ್ಟೇಟಿನ ಮನೆ ದೋಚಿ, ಮೂಡಿಯ ಅಳಿಯನ ಮೇಲೆ ಗುಂಡು ಹಾರಿಸಿದರು. ಯಾರೂ ಸಾಯಲಿಲ್ಲ. ಚಾಟಿಯೇಟು, ಕೆಟ್ಟ ಊಟ ತಾಳಲಾರದೆ ಹೀಗೆ ಮಾಡಿದೆವೆಂದು ಅವರು ಹೇಳಿಕೊಂಡರೂ ಐವರನ್ನು ಗಲ್ಲಿಗೇರಿಸಿದರು. ಗವರ್ನರ್ ಬರ್ಕ್ ಎಸ್ಟೇಟಿನ ಬಗ್ಗೆ ವಿಚಾರಣೆ ನಡೆಸಿದ; ಮುಂದೆ ಮೂಡಿ ಮ್ಯಾಜಿಸ್ಟ್ರೇಟ್ ಹುದ್ದೆ ಕಳೆದುಕೊಂಡ.

ಒಳ್ಳೆಯ ಧಣಿ ಸಿಕ್ಕವರೂ ಇದ್ದರು. ಹೊಟ್ಟೆ ತುಂಬ ಉಂಡು, ಕಸುಬು ಕಲಿತು, ಮುಂದೆ ತಾವೇ ಜಮೀನು ಮಾಡಿದವರಿದ್ದಾರೆ. ಒಂದೇ ಅಪರಾಧ, ಒಂದೇ ಶಿಕ್ಷೆ. ಆದರೆ ಬದುಕು ಹೇಗಿರಬೇಕೆಂದು ತೀರ್ಮಾನಿಸುತ್ತಿದ್ದವನು ನ್ಯಾಯಾಧೀಶನಲ್ಲ, ಒಡೆಯ. ಕೈದಿಗಳ ಸಾಗಣೆಯ ವಿಚಾರಣೆಗೆ ಲಂಡನ್ನಿನ ಸಂಸತ್ತು ನೇಮಿಸಿದ ಮೋಲ್ಸ್‌ವರ್ತ್ ಸಮಿತಿಯೂ 1838ರಲ್ಲಿ ಇದೇ ಆಕ್ಷೇಪ ಎತ್ತಿತು. ಸಿಡ್ನಿ ಇದ್ದ ವಸಾಹತಾದ ನ್ಯೂ ಸೌತ್ ವೇಲ್ಸ್‌ಗೆ ಕೈದಿಗಳನ್ನು ಸಾಗಿಸುವುದು 1840ರಲ್ಲಿ, ಖಾಸಗಿಯವರಿಗೆ ಒಪ್ಪಿಸುವುದು 1841ರಲ್ಲಿ ನಿಂತಿತು.