ಕನಿಷ್ಠ ವೇತನ ಕೊಟ್ಟಮೇಲೂ ಉಳಿಯುವ ಪ್ರಶ್ನೆ

‘ಸರ್ಕಾರ ನಿಗದಿ ಮಾಡಿದ ಕನಿಷ್ಠ ವೇತನವನ್ನು ಒಂದು ರೂಪಾಯಿಯೂ ಕಡಿಮೆ ಮಾಡದೆ ಕೊಡುತ್ತಿದ್ದೇವೆ ಸಾರ್, ಇನ್ನೇನು ಬೇಕು?’ ವೇತನ ಮಾತುಕತೆಯಲ್ಲಿ ಆಡಳಿತ ವರ್ಗದ ಕಡೆಯಿಂದ ನಾನು ಅತಿ ಹೆಚ್ಚು ಕೇಳಿರುವ ಮಾತು ಇದು. ಕಾರ್ಮಿಕರ ಪರ ವಕಾಲತ್ತು ವಹಿಸುವ ನನಗೆ ಇದಕ್ಕಿಂತ ಬೇಸರ ತರಿಸುವ ಸಂಗತಿ ಇನ್ನೊಂದಿದೆ. ಆ ಮಾತು ಬಿದ್ದ ಕೂಡಲೇ ನಮ್ಮ ಕಡೆ ಕುಳಿತ ಸಂಘದ ಪದಾಧಿಕಾರಿಗಳೂ ಸುಮ್ಮನಾಗಿಬಿಡುತ್ತಾರೆ. ಕನಿಷ್ಠ ವೇತನ ಕೊಟ್ಟ ಮಾಲೀಕ ಅಪರಾಧ ಎಸಗುತ್ತಿಲ್ಲ ಎಂಬುದಷ್ಟೇ ಆ ಮಾತಿನಿಂದ ಸಿದ್ಧವಾಗುತ್ತದೆ. ಆ ಕಾರ್ಖಾನೆಗೆ ಇನ್ನೂ ಕೊಡುವ ಶಕ್ತಿ ಇದೆಯೇ, ಇದ್ದರೆ ಎಷ್ಟು ಎಂಬ ಪ್ರಶ್ನೆ ಹಾಗೆಯೇ ಉಳಿಯುತ್ತದೆ.

ಈ ಪ್ರಶ್ನೆ ಹೊಸದಲ್ಲ. ಸ್ವಾತಂತ್ರ್ಯ ಬಂದ ಮರುವರ್ಷವೇ, 1948ರಲ್ಲಿ, ಸರ್ಕಾರ, ಮಾಲೀಕರು ಮತ್ತು ಕಾರ್ಮಿಕರ ಪ್ರತಿನಿಧಿಗಳಿದ್ದ ನ್ಯಾಯಯುತ ವೇತನ ಸಮಿತಿಯೊಂದು ನೇಮಕವಾಯಿತು. ವೇತನವನ್ನು ಕನಿಷ್ಠ, ನ್ಯಾಯಯುತ, ಜೀವನ ವೇತನ ಎಂದು ಮೂರು ಮಟ್ಟಗಳಾಗಿ ವಿಂಗಡಿಸಿದ್ದು ಆ ಸಮಿತಿ. ಕೆಳಗಿನ ಮಟ್ಟ ಕನಿಷ್ಠ ವೇತನ. ಅದು ಕೂಡ ಬರೀ ಪ್ರಾಣ ಹಿಡಿದಿಟ್ಟುಕೊಳ್ಳುವುದಕ್ಕೆ ಸಾಕಾಗುವಷ್ಟಲ್ಲ. ದುಡಿಯುವ ಸಾಮರ್ಥ್ಯ ಉಳಿಯಬೇಕು, ಸ್ವಲ್ಪಮಟ್ಟಿಗಾದರೂ ಶಿಕ್ಷಣ, ವೈದ್ಯಕೀಯ ನೆರವು, ಇತರ ಸೌಕರ್ಯಗಳಿಗೆ ಅದರಲ್ಲಿ ಅವಕಾಶವಿರಬೇಕು ಎಂದು ಸಮಿತಿ ಹೇಳಿತು. ಮೇಲಿನ ಮಟ್ಟ ಜೀವನ ವೇತನ: ಮಕ್ಕಳ ಓದು, ಕಾಯಿಲೆಯಿಂದ ರಕ್ಷಣೆ, ಸಮಾಜದಲ್ಲಿ ಮರ್ಯಾದೆಯಿಂದ ಬಾಳಲು ಬೇಕಾದ ಖರ್ಚು, ಮುಪ್ಪು ಮತ್ತು ಆಪತ್ಕಾಲಕ್ಕೆ ಒಂದಿಷ್ಟು ಭದ್ರತೆ. ಇವೆರಡರ ನಡುವೆ ಎಲ್ಲೋ ಒಂದು ಕಡೆ ನಿಲ್ಲುವುದು ನ್ಯಾಯಯುತ ವೇತನ. ಅದು ಕನಿಷ್ಠ ವೇತನಕ್ಕಿಂತ ಕೆಳಗೆ ಇಳಿಯುವಂತಿಲ್ಲ. ಎಷ್ಟು ಮೇಲೇರಬಹುದು ಎಂಬುದನ್ನು ಉದ್ಯಮದ ಕೊಡುವ ಶಕ್ತಿ ನಿರ್ಧರಿಸುತ್ತದೆ. ಶ್ರಮದ ಉತ್ಪಾದಕತೆ, ಅದೇ ಪ್ರದೇಶದಲ್ಲಿ ಚಾಲ್ತಿಯಲ್ಲಿರುವ ದರ, ರಾಷ್ಟ್ರೀಯ ಆದಾಯದ ಮಟ್ಟ, ದೇಶದ ಆರ್ಥಿಕತೆಯಲ್ಲಿ ಆ ಉದ್ಯಮದ ಸ್ಥಾನ ಇವೂ ಲೆಕ್ಕಕ್ಕೆ ಬರುತ್ತವೆ.

ಸಮಿತಿಯ ವರದಿಯ ಆಧಾರದ ಮೇಲೆ 1950ರಲ್ಲಿ ನ್ಯಾಯಯುತ ವೇತನ ಮಸೂದೆಯೂ ಮಂಡನೆಯಾಯಿತು. ಅದು ಕಾಯಿದೆಯಾಗದೆ ಬಿದ್ದುಹೋಯಿತು. ಕನಿಷ್ಠ ವೇತನಕ್ಕೆ 1948ರ ಕಾಯಿದೆ ಇತ್ತು, ಜೀವನ ವೇತನಕ್ಕೆ ಸಂವಿಧಾನದ 43ನೇ ವಿಧಿಯಲ್ಲಿ ಜಾಗ ಸಿಕ್ಕಿತು. ನಡುವಿನದಕ್ಕೆ ಯಾವ ಕಾಯಿದೆಯೂ ಇಲ್ಲದೇ ಹೋಯಿತು. ಇಂದಿನ ನಮ್ಮ ಮರೆವಿನ ಬೇರು ಅಲ್ಲಿದೆ ಎಂದು ನಾನು ನಂಬಿದ್ದೇನೆ.

ಮೊದಲು ಕೆಳಗಿನ ಮಟ್ಟದ ಲೆಕ್ಕವನ್ನೇ ನೋಡೋಣ. 1948ರ ಕಾಯಿದೆಯಲ್ಲಿ ವೇತನ ಎಷ್ಟಿರಬೇಕೆಂಬ ಸೂತ್ರ ಇರಲಿಲ್ಲ. ಸೂತ್ರ ಬಂದದ್ದು 1957ರಲ್ಲಿ ನವದೆಹಲಿಯಲ್ಲಿ ಸೇರಿದ 15ನೇ ಭಾರತೀಯ ಕಾರ್ಮಿಕ ಸಮ್ಮೇಳನದಿಂದ. ದುಡಿಯುವ ಒಬ್ಬರಿಗೆ ಮೂರು ಬಳಕೆ ಘಟಕಗಳು (ದುಡಿಯುವ ಒಬ್ಬ ವಯಸ್ಕನ ಬಳಕೆ ಒಂದು ಘಟಕ), ಪೌಷ್ಟಿಕತೆಯ ತಜ್ಞ ಡಾ. ಅಯ್ಕ್ರಾಯ್ಡ್ ಶಿಫಾರಸಿನಂತೆ ಪ್ರತಿ ಘಟಕಕ್ಕೆ ದಿನಕ್ಕೆ 2,700 ಕ್ಯಾಲೊರಿ ಆಹಾರ. ನಾಲ್ವರ ಕುಟುಂಬಕ್ಕೆ ವರ್ಷಕ್ಕೆ 72 ಗಜ ಬಟ್ಟೆ. ಸರ್ಕಾರದ ಕೈಗಾರಿಕಾ ವಸತಿ ಯೋಜನೆಯ ಕನಿಷ್ಠ ಮನೆಗೆ ತಗಲುವ ಬಾಡಿಗೆ. ಉರುವಲು, ದೀಪ ಮತ್ತಿತರ ಖರ್ಚಿಗೆ ಒಟ್ಟು ವೇತನದ ಶೇ 20. ಸುಪ್ರೀಂ ಕೋರ್ಟ್ 1991ರಲ್ಲಿ ರೆಪ್ಟಕೋಸ್ ಬ್ರೆಟ್ ಪ್ರಕರಣದಲ್ಲಿ ಇದಕ್ಕೆ ಆರನೆಯ ಅಂಶವನ್ನು ಸೇರಿಸಿತು: ಮಕ್ಕಳ ಶಿಕ್ಷಣ, ವೈದ್ಯಕೀಯ ವೆಚ್ಚ, ಹಬ್ಬ ಹರಿದಿನ, ಮುಪ್ಪು, ಮದುವೆ ಮುಂತಾದವಕ್ಕೆ ಒಟ್ಟು ವೇತನದ ಶೇ 25.

ಕಾಗದದ ಮೇಲೆ ಇದನ್ನು ಒಮ್ಮೆ ಕೂಡಿ ನೋಡಿ. ಶೇ 20 ಮತ್ತು ಶೇ 25 ಕಳೆದರೆ ಊಟ, ಬಟ್ಟೆ, ಬಾಡಿಗೆಗೆ ಉಳಿಯುವುದು ಒಟ್ಟು ವೇತನದ ಶೇ 55. ನಿಮ್ಮ ಊರಿನಲ್ಲಿ ಈ ಮೂರಕ್ಕೇ ತಿಂಗಳಿಗೆ 11,000 ರೂಪಾಯಿ ಬೇಕಾದರೆ ಕನಿಷ್ಠ ವೇತನ 20,000 ರೂಪಾಯಿ ಆಗಬೇಕು. ಪೀಣ್ಯದ ಸುತ್ತಮುತ್ತ ಒಂದು ಕೋಣೆಯ ಮನೆಗೆ ಬಾಡಿಗೆ ಕೊಡುವವರು, ಇಬ್ಬರು ಮಕ್ಕಳಿಗೆ ಹಾಲು, ಬೇಳೆ, ಎಣ್ಣೆ ತರುವವರು ಈ 11,000ವನ್ನು ಹೆಚ್ಚೆಂದು ಹೇಳಲಾರರು. ಹೀಗೆ ಕೂಡಿ ಬಂದ ಮೊತ್ತವೂ ಜೀವನಾಧಾರ ಮಟ್ಟದ ಕನಿಷ್ಠ ವೇತನವೇ ಹೊರತು ಅದಕ್ಕಿಂತ ಹೆಚ್ಚಿನದೇನಲ್ಲ ಎಂದು ಅದೇ ತೀರ್ಪು ಹೇಳಿದೆ. ಅಧಿಸೂಚನೆಯ ದರ ಈ ಲೆಕ್ಕಕ್ಕಿಂತ ಕೆಳಗಿದ್ದರೆ, ‘ಕನಿಷ್ಠ ವೇತನ ಕೊಡುತ್ತಿದ್ದೇವೆ’ ಎನ್ನುವವರು ಆ ಕನಿಷ್ಠವನ್ನೂ ಪೂರ್ತಿಯಾಗಿ ಕೊಡುತ್ತಿಲ್ಲ ಎಂದಾಯಿತು.

ಈ ಸೂತ್ರದಲ್ಲೇ ನನ್ನನ್ನು ಬಹಳ ಕಾಡುವ ಒಂದು ಅಂಶವಿದೆ. ಮೂರು ಘಟಕಗಳೆಂದರೆ ದುಡಿಯುವ ಗಂಡಸು 1, ಹೆಂಡತಿ 0.8, ಎರಡು ಮಕ್ಕಳಿಗೆ ತಲಾ 0.6. ಮನೆಯಲ್ಲಿರುವ ವಯಸ್ಸಾದ ತಂದೆತಾಯಿಗೆ ಈ ಲೆಕ್ಕದಲ್ಲಿ ಜಾಗವೇ ಇಲ್ಲ. ನಮ್ಮ ಗಾರ್ಮೆಂಟ್ ಕಾರ್ಖಾನೆಗಳಲ್ಲಿ ಹೊಲಿಗೆ ಯಂತ್ರದ ಮುಂದೆ ಕುಳಿತವರಲ್ಲಿ ಬಹುಪಾಲು ಹೆಂಗಸರು. ಅವರಲ್ಲಿ ಎಷ್ಟೋ ಮಂದಿ ಒಬ್ಬರೇ ದುಡಿದು ಮನೆ ನಡೆಸುವವರು. ದಿನವಿಡೀ ಟಾರ್ಗೆಟ್ ಮುಟ್ಟಿಸುವ ಹೆಣ್ಣುಮಗಳನ್ನು ಮುಕ್ಕಾಲು ಹೊಟ್ಟೆಯ ಅವಲಂಬಿತೆಯೆಂದು ಎಣಿಸಿದ ಸೂತ್ರ ಇಂದಿಗೂ ನಮ್ಮ ಅಳತೆಗೋಲಾಗಿ ಉಳಿದಿದೆ. ಅನೂಪ್ ಸತ್ಪಥಿ ನೇತೃತ್ವದ ತಜ್ಞರ ಸಮಿತಿ 2019ರಲ್ಲಿ ಘಟಕಗಳನ್ನು 3.6ಕ್ಕೆ ಏರಿಸಿತು. ಆದರೆ ಕ್ಯಾಲೊರಿಯನ್ನು 2,400ಕ್ಕೆ ಇಳಿಸಿತು. ಜೊತೆಗೆ ಪ್ರೋಟೀನ್ ಮತ್ತು ಕೊಬ್ಬಿನ ಪ್ರಮಾಣವನ್ನು ಸೇರಿಸಿತು. ಅದರ ಶಿಫಾರಸು 2018ರ ಜುಲೈ ಬೆಲೆಗಳಲ್ಲಿ ದಿನಕ್ಕೆ 375 ರೂಪಾಯಿ. ಆಗ ಕೇಂದ್ರದ ರಾಷ್ಟ್ರೀಯ ನೆಲಮಟ್ಟದ ಕನಿಷ್ಠ ವೇತನ ಇದ್ದದ್ದು 176 ರೂಪಾಯಿ.

ಮಾಲೀಕರ ಕಷ್ಟದ ಮಾತಿಗೆ ಬರುತ್ತೇನೆ. ‘ಆರ್ಡರ್ ಇಲ್ಲ, ನಷ್ಟದಲ್ಲಿದ್ದೇವೆ’ ಎಂಬ ವಾದಕ್ಕೆ ಕನಿಷ್ಠ ವೇತನದ ವಿಷಯದಲ್ಲಿ ಬೆಲೆಯಿಲ್ಲ. ಕನಿಷ್ಠ ವೇತನವನ್ನಾದರೂ ಕೊಡಲಾಗದ ಉದ್ಯಮಕ್ಕೆ ಅಸ್ತಿತ್ವದಲ್ಲಿರುವ ಹಕ್ಕೇ ಇಲ್ಲ ಎಂದು ಕ್ರೌನ್ ಅಲ್ಯುಮಿನಿಯಂ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಕೇರಳದ ಹೆಂಚಿನ ಕಾರ್ಖಾನೆಗಳವರು ಹೂಡಿದ ಉಣಿಚ್ಚೋಯಿ ಪ್ರಕರಣದಲ್ಲೂ ಮಾಲೀಕರ ಕೊಡುವ ಶಕ್ತಿಯನ್ನು ಪರಿಗಣಿಸಬೇಕಿಲ್ಲ ಎಂದು ಅದೇ ನ್ಯಾಯಾಲಯ ಸ್ಪಷ್ಟಪಡಿಸಿತು. ಕಾರ್ಮಿಕರೇ ಕಡಿಮೆ ಕೂಲಿಗೆ ಒಪ್ಪಿದ್ದಾರೆ ಎನ್ನುವುದೂ ನಡೆಯದು. ಅಂಥ ಒಪ್ಪಂದ ಕಾನೂನಿನ ಕಣ್ಣಿನಲ್ಲಿ ಶೂನ್ಯ. ಏಷ್ಯನ್ ಕ್ರೀಡಾಕೂಟದ ನಿರ್ಮಾಣ ಕಾರ್ಮಿಕರ ಪ್ರಕರಣದಲ್ಲಿ, 1982ರಲ್ಲಿ, ಸುಪ್ರೀಂ ಕೋರ್ಟ್ ಇನ್ನೂ ಮುಂದೆ ಹೋಯಿತು: ಕನಿಷ್ಠ ವೇತನಕ್ಕಿಂತ ಕಡಿಮೆ ಕೊಟ್ಟು ದುಡಿಸಿಕೊಳ್ಳುವುದು ಸಂವಿಧಾನದ 23ನೇ ವಿಧಿ ನಿಷೇಧಿಸಿರುವ ಬಲವಂತದ ದುಡಿಮೆ.

ನ್ಯಾಯಯುತ ವೇತನದ ಮಟ್ಟಕ್ಕೆ ಬಂದಾಗ ಮಾತ್ರ ಕೊಡುವ ಶಕ್ತಿಯ ಚರ್ಚೆ ಬಾಗಿಲು ತೆರೆಯುತ್ತದೆ. ಕಾಯಿದೆ ಇಲ್ಲದಿದ್ದರೂ ಈ ಪರಿಕಲ್ಪನೆ ಕೈಗಾರಿಕಾ ನ್ಯಾಯಮಂಡಳಿಗಳಲ್ಲಿ ಬದುಕಿದೆ. ಎಕ್ಸ್‌ಪ್ರೆಸ್ ನ್ಯೂಸ್‌ಪೇಪರ್ಸ್, ಹಿಂದೂಸ್ತಾನ್ ಟೈಮ್ಸ್ ಪ್ರಕರಣಗಳ ತೀರ್ಪುಗಳು ಅದಕ್ಕೆ ಗಟ್ಟಿ ರೂಪ ಕೊಟ್ಟಿವೆ. ಅದೇ ಪ್ರದೇಶದಲ್ಲಿ, ಅದೇ ಬಗೆಯ ಉದ್ಯಮದಲ್ಲಿ, ಹೋಲಿಸಬಹುದಾದ ಗಾತ್ರದ ಘಟಕಗಳು ಎಷ್ಟು ಕೊಡುತ್ತಿವೆ ಎಂದು ನೋಡುವುದು ಇಲ್ಲಿನ ಮುಖ್ಯ ಕ್ರಮ. ಆದ್ದರಿಂದ ನನ್ನ ಬಳಿ ಬೇಡಿಕೆ ಪಟ್ಟಿ ತರುವ ಸಂಘಗಳಿಗೆ ನಾನು ಮೊದಲು ಕೇಳುವುದು ಎರಡನ್ನು. ಕಂಪನಿಯ ಕೆಲವು ವರ್ಷಗಳ ಲೆಕ್ಕಪತ್ರ ಎಲ್ಲಿ? ಸುತ್ತಲಿನ ಕಾರ್ಖಾನೆಗಳ ವೇತನ ಒಪ್ಪಂದಗಳ ಪ್ರತಿ ಎಲ್ಲಿ? ನೋಂದಾಯಿತ ಕಂಪನಿಗಳ ಲೆಕ್ಕಪತ್ರಗಳು ಕಂಪನಿ ವ್ಯವಹಾರಗಳ ಸಚಿವಾಲಯದ ಜಾಲತಾಣದಲ್ಲಿ ಸಣ್ಣ ಶುಲ್ಕಕ್ಕೆ ಸಿಗುತ್ತವೆ. ಇವುಗಳಿಲ್ಲದೆ ‘ಬೆಲೆ ಏರಿದೆ, ವೇತನ ಏರಿಸಿ’ ಎಂದು ಬರೆದ ಪಟ್ಟಿಗೆ ‘ಕನಿಷ್ಠ ವೇತನ ಕೊಡುತ್ತಿದ್ದೇವೆ’ ಎಂಬ ಒಂದೇ ಸಾಲು ಉತ್ತರವಾಗಿಬಿಡುತ್ತದೆ.

ಸಂಘಗಳನ್ನಷ್ಟೇ ದೂರಿ ಪ್ರಯೋಜನವಿಲ್ಲ. ಕೆಲಸಗಾರರಲ್ಲಿ ದೊಡ್ಡ ಪಾಲು ಗುತ್ತಿಗೆಯವರೇ ಆಗಿರುವಾಗ, ಸಂಘ ಕಟ್ಟಿದವರಿಗೆ ಮರುದಿನವೇ ಗೇಟಿನಲ್ಲಿ ತಡೆ ಬೀಳುವಾಗ, ಇರುವ ಕನಿಷ್ಠವನ್ನು ಉಳಿಸಿಕೊಳ್ಳುವುದರಲ್ಲೇ ಶಕ್ತಿಯೆಲ್ಲ ಖರ್ಚಾಗುತ್ತದೆ. 2020ರ ಏಪ್ರಿಲ್‌ನಿಂದ ಸಿಗಬೇಕಿದ್ದ ತುಟ್ಟಿಭತ್ಯೆಯ ಏರಿಕೆಯನ್ನು ರಾಜ್ಯ ಸರ್ಕಾರ ಮುಂದೂಡಿದ್ದನ್ನು ನೆನಪಿಸಿಕೊಳ್ಳಿ. ಹೈಕೋರ್ಟ್ ಅದಕ್ಕೆ ತಡೆ ನೀಡಿದ ಮೇಲೂ ಅನೇಕ ಗಾರ್ಮೆಂಟ್ ಕಾರ್ಖಾನೆಗಳಿಗೆ ಬಾಕಿ ತೀರಿಸಲು ಬಹಳ ಕಾಲ ಹಿಡಿಯಿತು. ಬೆಲೆ ಏರಿಕೆಗೆ ಪರಿಹಾರವಾಗಿ ಬರುವ ಆ ಸಣ್ಣ ಮೊತ್ತಕ್ಕೇ ಅಷ್ಟು ಹೋರಾಡಬೇಕಾದ ಹೆಣ್ಣುಮಕ್ಕಳು ನ್ಯಾಯಯುತ ವೇತನದ ಮಾತನ್ನು ಯಾವಾಗ ಎತ್ತಬೇಕು?

ಪೇ ಸ್ಲಿಪ್ ಓದುವ ಬಗೆಯನ್ನೂ ಹೇಳಬೇಕು, ಏಕೆಂದರೆ ಕನಿಷ್ಠ ವೇತನದ ಬಹುಪಾಲು ವ್ಯಾಜ್ಯಗಳು ಹುಟ್ಟುವುದು ಆ ಕಾಗದದಲ್ಲೇ. 1948ರ ಹಳೆಯ ಕಾಯಿದೆಯಡಿ ಮನೆ ಬಾಡಿಗೆ ಭತ್ಯೆ ವೇತನದೊಳಗೆ ಸೇರುತ್ತಿತ್ತು. 1999ರ ಏರ್‌ಫ್ರೈಟ್ ಪ್ರಕರಣ ನಮ್ಮ ರಾಜ್ಯದಿಂದಲೇ ಹೋದದ್ದು. ಒಟ್ಟು ಸಂಬಳ ಕನಿಷ್ಠ ವೇತನಕ್ಕಿಂತ ಹೆಚ್ಚಿದ್ದರೆ ತುಟ್ಟಿಭತ್ಯೆಯನ್ನು ಬೇರೆಯಾಗಿ ಕೊಡಬೇಕಿಲ್ಲ ಎಂದು ಸುಪ್ರೀಂ ಕೋರ್ಟ್ ಅದರಲ್ಲಿ ಹೇಳಿತು. ಹಾಜರಾತಿ ಬೋನಸ್ ಮಾತ್ರ ಕನಿಷ್ಠ ವೇತನದ ಲೆಕ್ಕಕ್ಕೆ ಬಾರದು ಎಂಬುದು 1991ರ ಮ್ಯಾಂಗನೀಸ್ ಓರ್ ಪ್ರಕರಣದಲ್ಲೇ ತೀರ್ಮಾನವಾಗಿದೆ. ಹಾಗಿದ್ದೂ ಅದನ್ನು ಸೇರಿಸಿ ‘ಕನಿಷ್ಠ ದಾಟಿದ್ದೇವೆ’ ಎಂದು ತೋರಿಸುವ ಸ್ಲಿಪ್‌ಗಳು ಇಂದಿಗೂ ಬರುತ್ತವೆ.

2025ರ ನವೆಂಬರ್ 21ರಿಂದ ಜಾರಿಗೆ ಬಂದಿರುವ 2019ರ ವೇತನ ಸಂಹಿತೆ ಈ ಲೆಕ್ಕವನ್ನು ಬದಲಿಸಿದೆ. ಈಗ ಮೂಲ ವೇತನ ಮತ್ತು ತುಟ್ಟಿಭತ್ಯೆ ವೇತನವಾಗುತ್ತವೆ. ಮನೆ ಬಾಡಿಗೆ ಭತ್ಯೆ, ಪ್ರಯಾಣ ಭತ್ಯೆ, ಬೋನಸ್, ಓಟಿ ಹಣ ಹೊರಗುಳಿಯುತ್ತವೆ. ಹೊರಗಿಟ್ಟವು ಒಟ್ಟು ಸಂಭಾವನೆಯ ಅರ್ಧವನ್ನು ಮೀರಿದರೆ, ಮೀರಿದಷ್ಟು ಭಾಗ ವೇತನಕ್ಕೆ ಸೇರುತ್ತದೆ. ಒಬ್ಬರಿಗೆ ಒಟ್ಟು 20,000 ರೂಪಾಯಿ ಬರುತ್ತದೆ, ಅದರಲ್ಲಿ ಮೂಲ ವೇತನ ಮತ್ತು ತುಟ್ಟಿಭತ್ಯೆ 8,000, ಉಳಿದ 12,000 ಭತ್ಯೆಗಳು ಎಂದುಕೊಳ್ಳಿ. ಅರ್ಧ ಮೀರಿದ 2,000 ಸೇರಿ ವೇತನ 10,000 ಆಗುತ್ತದೆ. ಅವರ ದರ್ಜೆಗೆ ನಿಗದಿಯಾದ ಕನಿಷ್ಠ ದರ 14,000 ಇದ್ದರೆ, ಕೈಗೆ 20,000 ಬಂದರೂ ಕನಿಷ್ಠ ವೇತನ ಸಂದಿಲ್ಲ ಎಂದು ವಾದಿಸಲು ಸಂಹಿತೆಯ ಪದಗಳಲ್ಲಿ ಗಟ್ಟಿ ಆಧಾರವಿದೆ. ಭತ್ಯೆಗಳನ್ನು ಹಿಗ್ಗಿಸಿ ಮೂಲ ವೇತನವನ್ನು ಕುಗ್ಗಿಸಿದ ಸಂಸ್ಥೆಗಳು ತಮ್ಮ ವೇತನ ರಚನೆಯನ್ನು ಈಗಲೇ ಸರಿಪಡಿಸಿಕೊಳ್ಳುವುದು ಒಳ್ಳೆಯದು.

ಸಂಹಿತೆಯಲ್ಲಿ ಇನ್ನೊಂದು ದೊಡ್ಡ ಬದಲಾವಣೆಯಿದೆ. ಹಳೆಯ ಕಾಯಿದೆಯ ಪಟ್ಟಿಯಲ್ಲಿ ಹೆಸರಿಸಿದ ಅನುಸೂಚಿತ ಉದ್ಯೋಗಗಳಿಗಷ್ಟೇ ಇದ್ದ ಕನಿಷ್ಠ ವೇತನದ ಹಕ್ಕು ಎಲ್ಲ ಉದ್ಯೋಗಗಳಿಗೂ ವಿಸ್ತರಿಸಿದೆ. ಇದನ್ನು ಮನಸಾರೆ ಸ್ವಾಗತಿಸುತ್ತೇನೆ. ಕೇಂದ್ರ ಸರ್ಕಾರ ನೆಲಮಟ್ಟದ ವೇತನ ನಿಗದಿ ಮಾಡಬೇಕು, ರಾಜ್ಯಗಳು ಅದಕ್ಕಿಂತ ಕೆಳಗಿಳಿಯುವಂತಿಲ್ಲ ಎಂಬ ನಿಯಮವೂ ಒಳ್ಳೆಯದೇ. ಆದರೆ ಆ ಅಂಕಿಯನ್ನು ತೀರಾ ತಗ್ಗಿನಲ್ಲಿಟ್ಟರೆ ಬಂಡವಾಳ ಸೆಳೆಯುವ ಪೈಪೋಟಿಯಲ್ಲಿ ರಾಜ್ಯಗಳು ಅದರತ್ತಲೇ ಜಾರುವ ಅಪಾಯ ನಿಜವಾದದ್ದು. ಸಂಹಿತೆಯಲ್ಲೂ ನ್ಯಾಯಯುತ ವೇತನಕ್ಕಾಗಲೀ ಜೀವನ ವೇತನಕ್ಕಾಗಲೀ ವ್ಯಾಖ್ಯೆ ಇಲ್ಲ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 2024ರಲ್ಲಿ ಜೀವನ ವೇತನದ ಅರ್ಥದ ಬಗ್ಗೆ ಒಮ್ಮತಕ್ಕೆ ಬಂದಿರುವಾಗ, 43ನೇ ವಿಧಿಯನ್ನು ಮುಕ್ಕಾಲು ಶತಮಾನದಿಂದ ಇಟ್ಟುಕೊಂಡಿರುವ ನಾವು ಆ ಪರಿಕಲ್ಪನೆಯನ್ನು ಕಾಯಿದೆಯ ಹೊರಗೇ ನಿಲ್ಲಿಸಿದ್ದೇವೆ.

ಕಡಿಮೆ ವೇತನ ಪಡೆಯುತ್ತಿರುವವರು ತಿಳಿದಿರಬೇಕಾದ ಕೆಲವು ಸಂಗತಿಗಳಿವೆ. ಹಿಂದೆ ಆರು ತಿಂಗಳೊಳಗೆ ಅರ್ಜಿ ಹಾಕಬೇಕಿತ್ತು. ಸಂಹಿತೆಯಲ್ಲಿ ಆ ಅವಧಿ ಮೂರು ವರ್ಷ. ಬಾಕಿಯ ಜೊತೆಗೆ ಅದರ ಹತ್ತು ಪಟ್ಟಿನವರೆಗೂ ಪರಿಹಾರ ಕೊಡಿಸಲು ಅರ್ಜಿಯನ್ನು ವಿಚಾರಿಸುವ ಪ್ರಾಧಿಕಾರಕ್ಕೆ ಅಧಿಕಾರವಿದೆ. ವೇತನ ಪಾವತಿಯಾಗಿದೆ ಎಂದು ಸಾಬೀತುಪಡಿಸುವ ಹೊಣೆ ಮಾಲೀಕನದು. ಗುತ್ತಿಗೆದಾರ ಕೈಕೊಟ್ಟರೆ ಸಂಸ್ಥೆಯ ಒಡೆತನ ಇರುವವರು ಜವಾಬ್ದಾರರು. ವೇತನ ಚೀಟಿ ಕೊಡುವುದು ಮಾಲೀಕನ ಕರ್ತವ್ಯ. ಕೊಡದಿದ್ದರೆ ಬರವಣಿಗೆಯಲ್ಲಿ ಕೇಳಿ, ಕೇಳಿದ ಪತ್ರದ ಪ್ರತಿ ಇಟ್ಟುಕೊಳ್ಳಿ. ಬ್ಯಾಂಕ್ ಪಾಸ್‌ಬುಕ್, ಪಿಎಫ್ ಸಂದೇಶಗಳು, ಓಟಿ ಮಾಡಿದ ದಿನಗಳನ್ನು ಗುರುತು ಹಾಕಿದ ಕ್ಯಾಲೆಂಡರ್ ಕೂಡ ಸಾಕ್ಷ್ಯಕ್ಕೆ ನೆರವಾಗುತ್ತವೆ. ಅರ್ಜಿಯಲ್ಲಿ ನಿಮ್ಮ ದರ್ಜೆಯನ್ನು ಸರಿಯಾಗಿ ಬರೆಯಿರಿ: ಯಂತ್ರದ ಮೇಲೆ ವರ್ಷಗಟ್ಟಲೆ ಹೊಲಿದವರನ್ನು ದಾಖಲೆಯಲ್ಲಿ ಹೆಲ್ಪರ್ ಎಂದೇ ಉಳಿಸಿರುವುದು ಸಾಮಾನ್ಯ, ಮತ್ತು ಆ ಒಂದು ನಮೂದಿನಿಂದ ಪ್ರತಿ ತಿಂಗಳೂ ದರ ಕೆಳಗಿಳಿಯುತ್ತದೆ.