ಹಿಮೋಸಯಾನಿನ್: ಲಸಿಕೆಗೆ ಒತ್ತಾಸೆಯಾಗುವ ನೀಲಿ ಪ್ರೋಟೀನ್

ಪ್ರಯೋಗಾಲಯಗಳಿಗೆ ಪ್ರತಿಕಾಯ ಮಾರುವ ಕಂಪನಿಗಳ ವಿವರಪಟ್ಟಿಯಲ್ಲಿ, ಕ್ಯಾನ್ಸರ್ ಲಸಿಕೆಗಳ ಸಂಶೋಧನಾ ವರದಿಗಳಲ್ಲಿ ‘ಕೆಎಲ್‌ಎಚ್’ ಎಂಬ ಹೆಸರು ಪದೇ ಪದೇ ಎದುರಾಗುತ್ತದೆ. ಬಿಡಿಸಿ ಹೇಳಿದರೆ ಕೀಹೋಲ್ ಲಿಂಪೆಟ್ ಹಿಮೋಸಯಾನಿನ್. ಮೊದಲ ಎರಡು ಪದ ಒಂದು ಕಡಲಜೀವಿಯ ಹೆಸರು. ಮೂರನೆಯದು ಅದರ ರಕ್ತದಲ್ಲಿರುವ ಪ್ರೋಟೀನಿನದು.

ಲಿಂಪೆಟ್ ಒಂದು ಮೃದ್ವಂಗಿ. ಬಸವನಹುಳುವಿನ ಬಳಗಕ್ಕೇ ಸೇರಿದ್ದಾದರೂ ಇದಕ್ಕೆ ಸುರುಳಿ ಚಿಪ್ಪಿಲ್ಲ, ಬೋರಲು ಹಾಕಿದ ಬಟ್ಟಲಿನಂಥ ಚಿಪ್ಪು. ಚಿಪ್ಪಿನ ನೆತ್ತಿಯಲ್ಲಿ ಬೀಗದ ಕಿಂಡಿಯನ್ನು ನೆನಪಿಸುವ ತೂತು; ಕಿವಿರುಗಳನ್ನು ಹಾದುಬಂದ ನೀರು ಹೊರಬೀಳುವುದು ಅಲ್ಲಿಂದ. ಔಷಧಲೋಕಕ್ಕೆ ಬೇಕಾದ ಜಾತಿ ಮೆಗಾಥುರಾ ಕ್ರೆನ್ಯುಲೇಟಾ. ಕ್ಯಾಲಿಫೋರ್ನಿಯಾದಿಂದ ಮೆಕ್ಸಿಕೊದ ಬಾಹಾ ಕ್ಯಾಲಿಫೋರ್ನಿಯಾವರೆಗಿನ ಪೆಸಿಫಿಕ್ ಕರಾವಳಿಯ ಬಂಡೆಗಳೇ ಅದರ ನೆಲೆ.

ನಮ್ಮ ರಕ್ತದಲ್ಲಿ ಆಮ್ಲಜನಕ ಹೊರುವ ಹಿಮೋಗ್ಲೋಬಿನ್ನಿನಲ್ಲಿ ಕಬ್ಬಿಣವಿದೆ, ಅದಕ್ಕೇ ಕೆಂಪು. ಹಿಮೋಸಯಾನಿನ್ನಿನಲ್ಲಿರುವುದು ತಾಮ್ರ. ಎರಡು ತಾಮ್ರದ ಪರಮಾಣುಗಳು ಸೇರಿ ಒಂದು ಆಮ್ಲಜನಕದ ಅಣುವನ್ನು ಹಿಡಿಯುತ್ತವೆ. ಹಿಡಿದಾಗ ನೀಲಿ, ಬಿಟ್ಟಾಗ ಬಣ್ಣವಿಲ್ಲ. ಅದು ರಕ್ತಕಣದೊಳಗೆ ಕೂಡುವುದಿಲ್ಲ, ದ್ರವದಲ್ಲೇ ಕರಗಿರುತ್ತದೆ. ಆಕ್ಟೋಪಸ್ ರಕ್ತವನ್ನು ಪರೀಕ್ಷಿಸುತ್ತಿದ್ದ ಬೆಲ್ಜಿಯಂನ ಲಿಯಾನ್ ಫ್ರೆಡೆರಿಕ್ 1878ರಲ್ಲಿ ಗ್ರೀಕಿನ ‘ರಕ್ತ’ ಮತ್ತು ‘ನೀಲಿ’ ಎಂಬ ಪದಗಳನ್ನು ಕೂಡಿಸಿ ಈ ಹೆಸರಿಟ್ಟರು. ಏಡಿ, ಚೇಳುಗಳಲ್ಲೂ ಹಿಮೋಸಯಾನಿನ್ ಎಂಬ ಹೆಸರಿನದೇ ಪ್ರೋಟೀನ್ ಇದೆ, ಆದರೆ ಅದರ ರಚನೆಯೇ ಬೇರೆ, ವಿಕಾಸದ ದಾರಿಯೂ ಬೇರೆ.

ಉಸಿರಾಟಕ್ಕೆಂದು ಇರುವ ಈ ಪ್ರೋಟೀನಿಗೂ ಲಸಿಕೆಗೂ ಎಲ್ಲಿಯ ನಂಟು? ಅದು ತಿಳಿಯಬೇಕಾದರೆ ‘ಹ್ಯಾಪ್ಟೆನ್’ ಎಂಬ ಇನ್ನೊಂದು ಪದದ ಪರಿಚಯ ಬೇಕು. ರಕ್ತದ ಗುಂಪುಗಳನ್ನು ಕಂಡುಹಿಡಿದ ಕಾರ್ಲ್ ಲ್ಯಾಂಡ್‌ಸ್ಟೈನರ್ 1921ರಲ್ಲಿ ಬಳಕೆಗೆ ತಂದ ಪದವಿದು. ಕೆಲವು ಸಣ್ಣ ಅಣುಗಳನ್ನು ಹಾಗೆಯೇ ದೇಹಕ್ಕೆ ಚುಚ್ಚಿದರೆ ಪ್ರತಿಕಾಯ ಹುಟ್ಟುವುದಿಲ್ಲ. ಅವನ್ನೇ ದೊಡ್ಡ ಪ್ರೋಟೀನಿಗೆ ಅಂಟಿಸಿ ಚುಚ್ಚಿದರೆ ಹುಟ್ಟುತ್ತದೆ. ಅಂಥ ಸಣ್ಣ ಅಣುವೇ ಹ್ಯಾಪ್ಟೆನ್. ಅದಕ್ಕೆ ಆಸರೆಯಾಗುವ ಪ್ರೋಟೀನಿಗೆ ‘ವಾಹಕ’ ಎಂದು ಹೆಸರು.

ಹೀಗೇಕಾಗುತ್ತದೆ ಎಂಬುದು ರೋಗನಿರೋಧಕ ವಿಜ್ಞಾನದಲ್ಲಿ ನನಗೆ ಅತ್ಯಂತ ಪ್ರಿಯವಾದ ಪಾಠ. ಪ್ರತಿಕಾಯ ತಯಾರಿಸುವುದು ಬಿ ಕೋಶ. ತನಗೆ ಹೊಂದುವ ಹ್ಯಾಪ್ಟೆನ್ ಸಿಕ್ಕರೆ ಅದು ಹಿಡಿದುಕೊಳ್ಳುತ್ತದೆ. ಆದರೆ ಪೂರ್ಣ ಪ್ರಮಾಣದಲ್ಲಿ ಕೆಲಸ ಶುರುಮಾಡಲು ಅದಕ್ಕೆ ಸಹಾಯಕ ಟಿ ಕೋಶದ ಒಪ್ಪಿಗೆ ಬೇಕು. ಟಿ ಕೋಶಕ್ಕೋ ಸಕ್ಕರೆಯ ಸರಪಳಿ, ಮಾದಕದ್ರವ್ಯದ ಅಣು ಇವೆಲ್ಲ ಕಣ್ಣಿಗೇ ಬೀಳುವುದಿಲ್ಲ. ಅದು ಗುರುತಿಸುವುದು ಪ್ರೋಟೀನಿನ ತುಣುಕುಗಳನ್ನು. ಹ್ಯಾಪ್ಟೆನ್‌ಗೆ ಕೆಎಲ್‌ಎಚ್ ಅಂಟಿಸಿದಾಗ ಬಿ ಕೋಶ ಎರಡನ್ನೂ ಒಟ್ಟಿಗೆ ಒಳಗೆಳೆದುಕೊಂಡು, ಕೆಎಲ್‌ಎಚ್ ಅನ್ನು ಚೂರುಮಾಡಿ, ಆ ಚೂರುಗಳನ್ನು ತನ್ನ ಮೈಮೇಲೆ ಪ್ರದರ್ಶಿಸುತ್ತದೆ. ಅದನ್ನು ಕಂಡ ಟಿ ಕೋಶ ಒಪ್ಪಿಗೆ ಕೊಡುತ್ತದೆ. ಟಿ ಕೋಶ ನೋಡಿದ್ದು ಲಿಂಪೆಟ್ಟಿನ ಪ್ರೋಟೀನನ್ನು. ಬಿ ಕೋಶ ಪ್ರತಿಕಾಯ ಮಾಡುವುದು ಹ್ಯಾಪ್ಟೆನ್ ವಿರುದ್ಧ. ಇಬ್ಬರೂ ಬೇರೆ ಬೇರೆ ಗುರುತು ಹಿಡಿದು ಒಂದೇ ಕೆಲಸ ಮಾಡಿ ಮುಗಿಸುತ್ತಾರೆ.

ಆದ್ದರಿಂದಲೇ ‘ವಾಹಕ’ ಎಂಬ ಅನುವಾದ ನನಗೆ ಅರೆಬರೆ ಅನ್ನಿಸುತ್ತದೆ. ಹೊತ್ತೊಯ್ಯುವುದು ಇದರ ಮುಖ್ಯ ಕೆಲಸವಲ್ಲ. ಗಮನಕ್ಕೇ ಬಾರದ ಸಣ್ಣವನ ಬೆನ್ನಿಗೆ ನಿಂತು ಅವನತ್ತ ಎಲ್ಲರೂ ನೋಡುವಂತೆ ಮಾಡುವುದಕ್ಕೆ ಕನ್ನಡದಲ್ಲಿ ‘ಒತ್ತಾಸೆ’ ಎಂಬ ಚೆಂದದ ಪದವಿದೆ. ಪಠ್ಯಗಳಲ್ಲಿ ವಾಹಕ ಎಂದೇ ಇರಲಿ, ಅರ್ಥಮಾಡಿಕೊಳ್ಳುವಾಗ ಒತ್ತಾಸೆ ಎಂದುಕೊಂಡರೆ ವಿಷಯ ಬೇಗ ತಲೆಗೆ ಹತ್ತುತ್ತದೆ. ಅಡ್ಜುವೆಂಟ್‌ನೊಂದಿಗೂ ಇದನ್ನು ಗೊಂದಲ ಮಾಡಿಕೊಳ್ಳಬಾರದು. ಅಲ್ಯೂಮಿನಿಯಂ ಲವಣದಂಥ ಅಡ್ಜುವೆಂಟ್ ಚುಚ್ಚಿದ ಜಾಗದ ಇಡೀ ಪರಿಸರವನ್ನು ಎಚ್ಚರಿಸುತ್ತದೆ, ಲಸಿಕೆಯ ಜೊತೆ ಬೆರಕೆಯಾಗಿದ್ದರೆ ಸಾಕು. ವಾಹಕ ಹ್ಯಾಪ್ಟೆನ್‌ಗೆ ರಾಸಾಯನಿಕವಾಗಿ ಬೆಸೆದಿರಲೇಬೇಕು. ಒಂದೇ ಸಿರಿಂಜಿನಲ್ಲಿ ಬಿಡಿಬಿಡಿಯಾಗಿದ್ದರೆ ಫಲವಿಲ್ಲ.

ಒತ್ತಾಸೆಗೆ ಲಿಂಪೆಟ್ಟೇ ಏಕೆ? ಒಂದು ಕಾರಣ ಗಾತ್ರ. 20 ಉಪಘಟಕಗಳು ಸೇರಿ ಟೊಳ್ಳು ಸಿಲಿಂಡರಿನಂತೆ ಕಟ್ಟಿಕೊಂಡ ಒಂದು ಅಣುವಿನ ತೂಕ ಸುಮಾರು 80 ಲಕ್ಷ ಡಾಲ್ಟನ್, ಅಂದರೆ ಹಿಮೋಗ್ಲೋಬಿನ್ನಿನ ನೂರು ಪಟ್ಟಿಗೂ ಹೆಚ್ಚು. ಅದರ ಮೇಲ್ಮೈಯಲ್ಲಿ ಲೈಸಿನ್ ಎಂಬ ಅಮೈನೋ ಆಮ್ಲ ಧಾರಾಳವಾಗಿರುವುದರಿಂದ ಹ್ಯಾಪ್ಟೆನ್‌ಗಳನ್ನು ಒತ್ತೊತ್ತಾಗಿ ಅಂಟಿಸಬಹುದು. ಇನ್ನೊಂದು ಕಾರಣ ಪರಕೀಯತೆ. ಸ್ತನಿಗಳಿಂದ ಬಹುದೂರದ ಜೀವಿಯ ಪ್ರೋಟೀನ್ ಆದ್ದರಿಂದ ದೇಹ ಅದನ್ನು ತನ್ನದೆಂದು ತಪ್ಪು ತಿಳಿಯುವ ಸಂಭವ ಕಡಿಮೆ. ಜೊತೆಗೆ ಅದಕ್ಕೆ ಅಂಟಿಕೊಂಡ ಸಕ್ಕರೆಗಳನ್ನು ಡೆಂಡ್ರೈಟಿಕ್ ಕೋಶಗಳ (ಪರಕೀಯ ವಸ್ತುವನ್ನು ಹಿಡಿದು ಟಿ ಕೋಶಕ್ಕೆ ತೋರಿಸುವ ಕೋಶಗಳು) ಗ್ರಾಹಕಗಳು ಸುಲಭವಾಗಿ ಹಿಡಿಯುತ್ತವೆ.

ಔಷಧವಾಗಿ ಇದರ ಕಥೆ ಶುರುವಾದದ್ದು ಆಕಸ್ಮಿಕವಾಗಿ. ಮೂತ್ರಕೋಶದ ಕ್ಯಾನ್ಸರ್ ರೋಗಿಗಳ ರೋಗನಿರೋಧಕ ಶಕ್ತಿ ಹೇಗಿದೆ ಎಂದು ಅಳೆಯಲು ಅಮೆರಿಕದಲ್ಲಿ ಕಾರ್ಲ್ ಓಲ್ಸನ್ ಮತ್ತು ಸಂಗಡಿಗರು ಕೆಎಲ್‌ಎಚ್ ಚುಚ್ಚಿದ್ದರು. ಹಾಗೆ ಚುಚ್ಚಿಸಿಕೊಂಡವರಲ್ಲಿ ಗೆಡ್ಡೆ ಮರುಕಳಿಸುವುದು ಕಡಿಮೆಯಾಗಿತ್ತು. ಇದು 1974ರಲ್ಲಿ ಪ್ರಕಟವಾಯಿತು. ಆ ಭರವಸೆ ಪೂರ್ತಿ ಈಡೇರಲಿಲ್ಲ. ಮುಂದೆ ಮೈಟೊಮೈಸಿನ್ ಎಂಬ ಕ್ಯಾನ್ಸರ್ ಔಷಧದ ಜೊತೆ ಹೋಲಿಸಿದ ದೊಡ್ಡ ಪ್ರಯೋಗದಲ್ಲಿ ಕೆಎಲ್‌ಎಚ್ ಹಿಂದೆಬಿತ್ತು. ಕ್ಯಾನ್ಸರ್ ಕೋಶಗಳ ಮೇಲಿನ ಸಕ್ಕರೆಯೊಂದನ್ನು ಕೆಎಲ್‌ಎಚ್‌ಗೆ ಅಂಟಿಸಿ ತಯಾರಿಸಿದ ಥೆರಾಟೋಪ್ ಲಸಿಕೆಯನ್ನು ಸಾವಿರಕ್ಕೂ ಹೆಚ್ಚು ಸ್ತನ ಕ್ಯಾನ್ಸರ್ ರೋಗಿಗಳಲ್ಲಿ ಪರೀಕ್ಷಿಸಲಾಯಿತು. ಪ್ರತಿಕಾಯಗಳು ಚೆನ್ನಾಗಿಯೇ ಹುಟ್ಟಿದವು, ಆದರೆ ಆಯುಸ್ಸು ಹೆಚ್ಚಲಿಲ್ಲ. ಪ್ರತಿಕಾಯ ಹುಟ್ಟಿಸುವುದೂ ರೋಗ ಗುಣಪಡಿಸುವುದೂ ಒಂದೇ ಅಲ್ಲವೆಂದು ಆ ಮಹಿಳೆಯರ ಸಹಕಾರದಿಂದ ಸ್ಪಷ್ಟವಾಯಿತು. ಮಕ್ಕಳಿಗೆ ಕೊಡುವ ಹಿಬ್, ನ್ಯುಮೊಕಾಕಸ್ ಎಂಬ ಬ್ಯಾಕ್ಟೀರಿಯಾಗಳ ವಿರುದ್ಧದ ಲಸಿಕೆಗಳಲ್ಲೂ ಇದೇ ಒತ್ತಾಸೆಯ ತತ್ವವಿದೆ. ಆದರೆ ಅಲ್ಲಿ ಬ್ಯಾಕ್ಟೀರಿಯಾದ ಹೊರಕವಚದ ಸಕ್ಕರೆಗೆ ಜೋಡಿಸಿರುವುದು ವಿಷವಿಳಿಸಿದ ಧನುರ್ವಾಯು ಅಥವಾ ಡಿಫ್ತೀರಿಯಾ ಪ್ರೋಟೀನ್‌ನಂಥವನ್ನು, ಕೆಎಲ್‌ಎಚ್ ಅಲ್ಲ.

ಇಂದು ಕೆಎಲ್‌ಎಚ್ ಹೆಚ್ಚಾಗಿ ಬಳಕೆಯಾಗುವುದು ಎರಡು ಕಡೆ: ಪ್ರಾಣಿಗಳಲ್ಲಿ ಸಂಶೋಧನೆಗೆ ಬೇಕಾದ ಪ್ರತಿಕಾಯ ಬೆಳೆಸಲು, ಮತ್ತು ಹೊಸ ಔಷಧವೊಂದು ರೋಗನಿರೋಧಕ ವ್ಯವಸ್ಥೆಯನ್ನು ಕುಗ್ಗಿಸುತ್ತದೆಯೇ ಎಂದು ನೋಡಲು. ಎರಡನೆಯದಕ್ಕೆ ದೇಹ ಹಿಂದೆಂದೂ ಕಾಣದ ಪ್ರೋಟೀನ್ ಬೇಕು, ಆ ಲೆಕ್ಕಕ್ಕೆ ಇದು ಸರಿಹೊಂದುತ್ತದೆ.

ಇಷ್ಟು ದೊಡ್ಡ, ಇಷ್ಟು ಜಟಿಲ ಅಣುವನ್ನು ಕಾರ್ಖಾನೆಯಲ್ಲಿ ಕಟ್ಟುವುದು ಬಲು ಕಷ್ಟ. ಹಾಗಾಗಿ ಇಂದಿಗೂ ಜೀವಂತ ಲಿಂಪೆಟ್ಟಿನ ರಕ್ತವೇ ಇದರ ಮೂಲ. ಪ್ರಾಣಿಯನ್ನು ಕೊಲ್ಲದೆ ಸ್ವಲ್ಪವೇ ರಕ್ತ ತೆಗೆದು, ಚೇತರಿಸಿಕೊಳ್ಳಲು ಬಿಡುವ ವಿಧಾನವನ್ನು ಕ್ಯಾಲಿಫೋರ್ನಿಯಾದಲ್ಲಿ ರೂಢಿಸಿಕೊಂಡಿದ್ದಾರೆ, ತೊಟ್ಟಿಗಳಲ್ಲಿ ಸಾಕುವುದೂ ಉಂಟು. ಒಂದೇ ಜಾತಿಯ ಮೇಲಿನ ಹೊರೆ ಇಳಿಸಲು ಇದು ಒಳ್ಳೆಯ ಹೆಜ್ಜೆ. ಚಿಲಿಯ ‘ಲೋಕೊ’ ಎಂಬ ಮೃದ್ವಂಗಿಯ ಹಿಮೋಸಯಾನಿನ್ ಮೇಲೆ ನಡೆದಿರುವ ಅಧ್ಯಯನಗಳನ್ನೂ ಅದೇ ಆಸೆಯಿಂದ ಗಮನಿಸುತ್ತೇನೆ.

ಪರಕೀಯತೆಯ ಮಾತಿಗೆ ಒಂದು ಅಪವಾದವಿದೆ. ಸಿಹಿನೀರಿನ ಬಸವನಹುಳುಗಳ ಮೂಲಕ ಹರಡುವ ಶಿಸ್ಟೊಸೋಮ ಎಂಬ ಪರಾವಲಂಬಿ ಹುಳುವಿನ ಮೇಲೂ ಕೆಎಲ್‌ಎಚ್‌ನಲ್ಲಿರುವಂಥದೇ ಸಕ್ಕರೆಯ ಗುರುತಿದೆ. ಆ ಸೋಂಕು ತಗುಲಿದವರ ರಕ್ತದಲ್ಲಿ, ಲಿಂಪೆಟ್ಟನ್ನು ಕಂಡೇ ಇರದಿದ್ದರೂ, ಕೆಎಲ್‌ಎಚ್ ಹಿಡಿಯುವ ಪ್ರತಿಕಾಯಗಳು ಸಿಗುತ್ತವೆ. ಅದರಿಂದಾಗಿ ಶಿಸ್ಟೊಸೋಮ ಸೋಂಕನ್ನು ಪತ್ತೆಹಚ್ಚುವ ಪರೀಕ್ಷೆಗಳಿಗೂ ಈ ನೀಲಿ ಪ್ರೋಟೀನ್ ಬಳಕೆಯಾಗಿದೆ.